ಕಣ್ಣು ಮುಚ್ಚಿದ ಅತ್ತೆ, ಕಾಲೆತ್ತಿದ ಸೊಸೆ

ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವವರಿಗೆ ಬೈಗುಳದ ಶಬ್ದಭಂಡಾರ ತಾನಾಗಿಯೇ ಬೆಳೆಯುತ್ತದೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ಅಲ್ಲಿ ಕೂರುವ ನಮ್ಮ ಸೊಸೆಗೆ ಬೈಗುಳ. ಬಂದ ನೀರು ಕೆಂಪಗಿದ್ದರೆ ಅವಳಿಗೆ ಬೈಗುಳ. ಪಕ್ಕದ ಮನೆಗೆ ಜೋರಾಗಿ ಬಂದರೆ ಅದಕ್ಕೂ ಅವಳೇ ಹೊಣೆ. ಬೆಳಗಿನಿಂದ ಸಂಜೆಯವರೆಗೆ ಗಾಜಿನ ಆಚೆಯಿಂದ ಊರೆಲ್ಲ ಕೂಗುವುದು, ಈಚೆಯಿಂದ ಅವಳು “ನೋಡ್ತೀವಿ ಸಾರ್, ಕಳಿಸ್ತೀವಿ ಮೇಡಂ” ಎಂದು ನಗುವುದು. ಆ ನಗುವನ್ನು ಮುಖದಿಂದ ಕಳಚಿ ಮೇಜಿನ ಡ್ರಾಯರಿನಲ್ಲಿಟ್ಟು ಮನೆಗೆ ಬಂದರೆ ಅಲ್ಲಿ ಎರಡನೇ ಪಾಳಿ ಶುರು. ಅತ್ತೆ.

ಅತ್ತೆ ಕೆಟ್ಟವರೇನಲ್ಲ. (ಹಾಗೆಂದು ಅವಳೇ ಎಲ್ಲರಿಗೂ ಹೇಳುತ್ತಿದ್ದಳು, ಹಲ್ಲು ಕಚ್ಚಿಕೊಂಡು.) ಹಳೆಯ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಅರ್ಧ ಆಯಸ್ಸು ಊರಿನವರ ಮಾತನ್ನು ಊರಿನವರಿಗೆ ಜೋಡಿಸಿಕೊಡುತ್ತ, ತಮ್ಮ ಪಾಲಿನ ಮಾತನ್ನೆಲ್ಲ ಉಳಿತಾಯ ಮಾಡಿಟ್ಟಿದ್ದರು. ಈಗ ಅದನ್ನು ಬಡ್ಡಿ ಸಮೇತ ಸೊಸೆಗೆ ಪಾವತಿಸುತ್ತಿದ್ದರು.

“ಏನೇ ಇದು, ಈರುಳ್ಳೀನ ಇಷ್ಟು ದಪ್ಪ ಹೆಚ್ಚಿದ್ದೀಯ? ತಿನ್ನೋಕಾ, ಇಲ್ಲಾ ಬಾಗಿಲ ಸಂದಿಗೆ ಒತ್ತು ಕೊಡೋಕಾ?”

ಇನ್ನು ಗಂಡ. ಕಟ್ಟಡಗಳ ನಕ್ಷೆ ಬರೆಯುವುದು ಅವನ ಕೆಲಸ. ಒಂದು ಗೆರೆ ಇನ್ನೊಂದಕ್ಕೆ ತಾಗದಂತೆ ಬರೆದು ಬರೆದು, ಮನೆಯಲ್ಲೂ ಯಾರ ಮಾತಿಗೂ ತಾಗದಂತೆ ಓಡಾಡುವ ಕಲೆ ಅವನಿಗೆ ಸಿದ್ಧಿಸಿತ್ತು. ಮಾತಿಗೆ ಮಾತು ಬೆಳೆದರೆ “ಇಬ್ಬರದ್ದೂ ಸರಿ” ಎಂದು ತೀರ್ಪು ಕೊಟ್ಟು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಬಾಲ್ಕನಿಗೆ ಪರಾರಿಯಾಗುವ ಅಜಾತಶತ್ರು.

ಹೀಗಿರುವಾಗ ಒಂದು ಸಂಜೆ ಬಸ್ಸಿನ ಕಿಟಕಿಯಿಂದ ಅವಳಿಗೆ ಮುಕ್ತಿಮಾರ್ಗ ಕಾಣಿಸಿತು. ಹಾಸಿಗೆ ಅಂಗಡಿಯ ಮೇಲಿನ ಮಹಡಿ, ತೆರೆದ ಕಿಟಕಿ, ಒಳಗೆ ಬಿಳಿ ಬಟ್ಟೆ ತೊಟ್ಟ ಹೆಂಗಸೊಬ್ಬಳು ತೂಗುಹಾಕಿದ ಮೂಟೆಗೆ ಜಾಡಿಸಿ ಒದೆಯುತ್ತಿದ್ದಳು. ಆ ಒದೆ ಮೂಟೆಗೆ ಬಿತ್ತು, ತಂಪು ಇವಳ ಎದೆಗೆ ಬಿತ್ತು. ಮುಂದಿನ ಸ್ಟಾಪಿನಲ್ಲೇ ಇಳಿದು ಹೆಸರು ಬರೆಸಿ ಬಂದಳು.

“ನಾಳೆಯಿಂದ ಸಂಜೆ ಕರಾಟೆ ಕ್ಲಾಸಿಗೆ ಹೋಗ್ತೀನಿ ರೀ.”

ಗಂಡ ಅಮ್ಮನ ಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಯಾರನ್ನ ಹೊಡೆಯೋಕೆ?”

“ಸದ್ಯಕ್ಕೆ ಮೂಟೇನ.”

ಕರಾಟೆ ಮೇಷ್ಟ್ರು ಮಡಿಚಿದ ಕೊಡೆಯಂತೆ ತೆಳ್ಳಗಿದ್ದರು. ಇವಳು ಮೂಟೆಯ ಹತ್ತಿರ ಹೋಗಿ ಕಾಲೆತ್ತುವಷ್ಟರಲ್ಲಿ ಅವರು ಚಾಪೆ ತೋರಿಸಿದರು.

“ಮೊದಲು ಕೂತ್ಕೊಳ್ಳಿ. ಕಣ್ಣು ಮುಚ್ಚಿ ಉಸಿರು ಗಮನಿಸಿ.”

“ಸಾರ್, ನಾನು ಬಂದಿದ್ದು ಒದೆಯೋಕೆ. ಕೂತ್ಕೊಳ್ಳೋದು ಆಫೀಸಲ್ಲೇ ಆಗುತ್ತೆ.”

“ಒಳಗೆ ಗದ್ದಲ ಇಟ್ಕೊಂಡು ಕಾಲೆತ್ತಿದ್ರೆ ಬೀಳೋದು ನೀವೇ ಅಮ್ಮಾ. ಇಲ್ಲಿ ಅರ್ಧ ಧ್ಯಾನ, ಅರ್ಧ ಕರಾಟೆ.”

ಅವಳು ಕಣ್ಣು ಮುಚ್ಚಿದಳು. ಉಸಿರು ಬಂತು. ಉಸಿರಿನ ಹಿಂದೆಯೇ ಈರುಳ್ಳಿ ಬಂತು. ಈರುಳ್ಳಿಯ ಹಿಂದೆ ಅತ್ತೆ ಬಂದರು. ಅತ್ತೆಗೆ ಅಂದು ಕೊಡಬೇಕಾಗಿದ್ದ, ಆದರೆ ಆಗ ಹೊಳೆಯದೇ ಹೋದ ಉತ್ತರಗಳೆಲ್ಲ ಈಗ ಒಂದಕ್ಕಿಂತ ಒಂದು ಚುರುಕಾಗಿ ಹೊಳೆಯತೊಡಗಿದವು. ಧ್ಯಾನ ಮುಗಿಯುವ ಹೊತ್ತಿಗೆ ಅವಳ ಮುಖ ಕೆಂಡವಾಗಿತ್ತು. ಎದ್ದವಳೇ ಮೂಟೆಗೆ ಒದೆಯಲು ಹಾರಿದಳು. ಮೂಟೆ ಅಲ್ಲೇ ಇತ್ತು. ಮೇಷ್ಟ್ರ ಮಾತು ನಿಜವಾಗಿತ್ತು.

ಸೊಂಟ ಹಿಡಿದುಕೊಂಡು ಮನೆಗೆ ಬರುವ ಸೊಸೆಯನ್ನು ನೋಡಿ ಅತ್ತೆಗೆ ಅನುಮಾನ ಹುಟ್ಟದೆ ಇರುತ್ತದೆಯೇ? ಎರಡನೇ ವಾರ ಅವಳ ಹಿಂದೆಯೇ ಮಹಡಿ ಹತ್ತಿ ಬಂದರು. “ಏನಿಲ್ಲ, ನೋಡಿ ಹೋಗೋಣ ಅಂತ ಬಂದೆ” ಎಂದು ಗೋಡೆ ಬದಿಯ ಕುರ್ಚಿಯಲ್ಲಿ ಕುಳಿತರು. ಎಲ್ಲರೂ ಕಣ್ಣು ಮುಚ್ಚಿದಾಗ ತಾವೂ ಮುಚ್ಚಿದರು.

ಮೇಷ್ಟ್ರು ಚಾಪೆಗಳ ನಡುವೆ ನಡೆದು ಬಂದರು. ಒಬ್ಬರು ಮೂಗು ಕೆರೆದುಕೊಳ್ಳುತ್ತಿದ್ದರು, ಇನ್ನೊಬ್ಬರು ಅರ್ಧ ಕಣ್ಣಿನಲ್ಲಿ ಗಡಿಯಾರ ನೋಡುತ್ತಿದ್ದರು. ಕುರ್ಚಿಯ ಬಳಿ ಬಂದ ಮೇಷ್ಟ್ರು ನಿಂತೇಬಿಟ್ಟರು.

“ಎಲ್ಲರೂ ನೋಡಿ ಇಲ್ಲಿ. ಒಂದು ರೆಪ್ಪೆ ಅಲುಗ್ತಿಲ್ಲ. ಇದು ಏಕಾಗ್ರತೆ ಅಂದ್ರೆ!”

ಸೊಸೆಗೆ ತಡೆಯಲಾಗಲಿಲ್ಲ. “ಸಾರ್, ಅವರು ನಿದ್ದೆ ಮಾಡ್ತಿದಾರೆ.”

“ನಿದ್ದೆ ಅಲ್ಲ ಕಣೇ” ಎಂದಿತು ಕುರ್ಚಿ, ಕಣ್ಣು ಬಿಡದೆ. “ಕೆಳಗೆ ಅಂಗಡೀಲಿ ಯಾರೋ ಹಾಸಿಗೆ ಉದ್ದ ಸಾಲದು ಅಂತ ಜಗಳ ಆಡ್ತಿದಾರೆ. ಮೂಲೆ ಫ್ಯಾನಿಗೆ ಎಣ್ಣೆ ಬೇಕು. ನಿನ್ನ ಎಡಮೂಗು ಕಟ್ಟಿದೆ, ಬಿಸಿನೀರು ಕುಡಿ.”

ಮೇಷ್ಟ್ರು ಕೈಮುಗಿಯುವುದೊಂದು ಬಾಕಿ. ಮುಂದಿನ ಕ್ಲಾಸಿಗೆ ಅತ್ತೆ ಬಿಳಿ ಅಂಗಿ, ಬಿಳಿ ಪಾಯಿಜಾಮ ತೊಟ್ಟು ಸೊಸೆಗಿಂತ ಮೊದಲೇ ಹೊಸ್ತಿಲಲ್ಲಿ ನಿಂತಿದ್ದರು. ಅತ್ತೆಯಿಂದ ದೂರವಿರಲು ಹುಡುಕಿಕೊಂಡ ಜಾಗದಲ್ಲಿ ಅತ್ತೆಯೇ ಮೊದಲ ಸಾಲು!

ಅಲ್ಲಿಂದ ಮನೆಯ ಸ್ವರೂಪವೇ ಬದಲಾಯಿತು. ಅತ್ತೆ ಫ್ರಿಜ್ಜಿನ ಬಾಗಿಲನ್ನು ಕಾಲಿನಿಂದ ಮುಚ್ಚತೊಡಗಿದರು. ಟೀವಿ ರಿಮೋಟ್ ಕೇಳಿದ ಮಗನ ಕೈಯನ್ನು ಮುಂಗೈಯಿಂದ ತಡೆದು “ಇದು ಬ್ಲಾಕು” ಎಂದರು. ಈರುಳ್ಳಿಯ ವಿಮರ್ಶೆ ನಿಂತು, ಆ ಜಾಗಕ್ಕೆ ಕರಾಟೆ ವಿಮರ್ಶೆ ಬಂತು. “ಮೊಣಕೈ ಒಳಗೆ ಇಡೇ! ಹಿಟ್ಟು ಜರಡಿ ಹಿಡಿಯೋ ಹಾಗೆ ನಿಂತಿದ್ದೀಯಲ್ಲ!”

ಒಂದು ಸಂಜೆ ಕಚೇರಿಯಲ್ಲಿ ಯಾರೋ ಖಾಲಿ ಬಕೆಟ್ಟನ್ನೇ ಕೌಂಟರಿನ ಮೇಲೆ ಕುಕ್ಕಿ, ಅವಳ ಹುಟ್ಟನ್ನೆಲ್ಲ ಜಾಲಾಡಿ ಹೋಗಿದ್ದರು. ಆವತ್ತು ಕ್ಲಾಸಿನಲ್ಲಿ ಅವಳು ಮತ್ತೆ ಮತ್ತೆ ಬಿದ್ದಳು. ಕೊನೆಗೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಬಿಳಿ ಪಾಯಿಜಾಮ ಬಂದು ಕುಳಿತಿತು.

“ಎಕ್ಸ್‌ಚೇಂಜಲ್ಲಿ ನನಗೂ ಹೀಗೇ” ಎಂದರು ಅತ್ತೆ. “ಲೈನ್ ಸಿಗದಿದ್ರೆ ನನ್ನ ಬೈಯೋರು, ಕಟ್ ಆದ್ರೆ ನನ್ನ ಬೈಯೋರು. ಮೊದಮೊದಲು ನಾನೂ ಅಳ್ತಿದ್ದೆ. ಆಮೇಲೆ ಗೊತ್ತಾಯ್ತು, ಅವರು ಬೈತಿರೋದು ತಂತಿಗೆ. ಬಂತು, ಹೋಯ್ತು. ಕೇಳಿಸ್ಕೊಂಡೆ, ಬಿಟ್ಟೆ. ನೀನು ಬಂದ ಕರೇನೆಲ್ಲ ಹಿಡಿದಿಟ್ಕೊಂಡು ಮನೆಗೆ ತರ್ತೀಯ.”

ಅವಳು ಮೂಗೊರೆಸಿಕೊಂಡಳು. “ಅಷ್ಟೆಲ್ಲ ಗೊತ್ತಿದ್ದೂ ನನ್ನ ಯಾಕೆ ಬೈತೀರ ಅತ್ತೆ?”

ಅತ್ತೆ ಪಾಯಿಜಾಮದ ಅಂಚನ್ನು ನೀವಿಕೊಂಡರು. “ಅಲ್ಲಿ ಮಾತಾಡೋ ಹಾಗಿರ್ಲಿಲ್ಲ ಕಣೇ. ಮನೇಲಿ ಅವನು ಬಾಲ್ಕನಿಗೆ ಓಡಿಹೋಗ್ತಾನೆ. ನನಗೆ ಸಿಗೋ ಲೈನು ನೀನೊಬ್ಬಳೇ.”

ಇದಕ್ಕೆ ಯಾವ ಏಟು, ಯಾವ ಬ್ಲಾಕು? ಅವಳು ಅತ್ತೆಯ ಕೈಹಿಡಿದು ಒಳಗೆ ಹೋಗಿ ಚಾಪೆಯ ಮೇಲೆ ಕುಳಿತಳು. ಈರುಳ್ಳಿ ಬಂತು, ಹೋಯಿತು. ಬಕೆಟ್ಟು ಬಂತು, ಅದೂ ಹೋಯಿತು. ಮೊದಲ ಸಲ ಉಸಿರೊಂದೇ ಉಳಿಯಿತು.

ಬೆಲ್ಟ್ ಪರೀಕ್ಷೆಯ ದಿನ ಬಂತು. ಎತ್ತರ ನೋಡಿ ಜೋಡಿ ಮಾಡುವುದು ಅಲ್ಲಿಯ ಪದ್ಧತಿ. ಅತ್ತೆ ಸೊಸೆ ಇಬ್ಬರೂ ಒಂದೇ ಎತ್ತರ! ಎದೆಗೆ ಮೆತ್ತೆ ಕಟ್ಟಿಕೊಳ್ಳಬೇಕು, ಎದುರಾಳಿಯ ಮೆತ್ತೆಯನ್ನು ಮೊದಲು ಮುಟ್ಟಿದವರಿಗೆ ಪಾಯಿಂಟು. ಜೋರಾಗಿ ಹೊಡೆಯುವ ಹಾಗಿಲ್ಲ. ಗಂಡ ಹತ್ತಿ, ಪಟ್ಟಿ, ಮುಲಾಮು ಎಲ್ಲ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತು, “ಇಬ್ಬರಿಗೂ ಜಯವಾಗಲಿ!” ಎಂದು ಕೂಗಿದ. ಇಬ್ಬರೂ ತಿರುಗಿ ಅವನನ್ನು ದುರುಗುಟ್ಟಿ ನೋಡಿದರು.

ಪಂದ್ಯ ಶುರುವಾಯಿತು. ಅತ್ತೆ ದೀಪದ ಕಂಬದಂತೆ ನಿಂತರು. ಸೊಸೆ ಹತ್ತಿರ ಬಂದದ್ದೇ ಮೆಲ್ಲಗೆ ಕೇಳಿದರು. “ಗ್ಯಾಸ್ ಆಫ್ ಮಾಡಿ ಬಂದ್ಯಾ?”

ಸೊಸೆಯ ಕಣ್ಣು ಮನೆಯ ದಿಕ್ಕಿಗೆ ಹೊರಳಿತು. ಟಪ್ಪೆಂದು ಮೆತ್ತೆಗೆ ಬಿತ್ತು. ಅತ್ತೆಗೆ ಪಾಯಿಂಟು.

“ಸಾರ್, ಇದು ಮೋಸ!”

“ಮನಸ್ಸು ಚಾಪೆ ಮೇಲಿರಬೇಕು ಅಮ್ಮಾ” ಎಂದರು ಮೇಷ್ಟ್ರು.

ಮತ್ತೆ ಎದುರಾದರು. “ಹಾಲು ಹೊರಗಡೇನೇ ಇಟ್ಯಲ್ಲ” ಎಂದರು ಅತ್ತೆ. ಹಾಲು ಬಂತು. ಹೋಯಿತು. ಅತ್ತೆಯ ಬಲಭುಜ ಒಂದಿಷ್ಟು ಕೆಳಗಾದದ್ದು ಕಾಣಿಸಿತು. ಸೊಸೆ ಪಕ್ಕಕ್ಕೆ ಸರಿದು ಕೈ ಚಾಚಿದಳು. ಪಾಯಿಂಟು! ಈಗ ಸಮ ಸಮ. ಕೊನೆಯದು ಬಾಕಿ.

ಸಭೆ ಉಸಿರು ಬಿಗಿಹಿಡಿಯಿತು. ಗಂಡ ಮುಲಾಮಿನ ಮುಚ್ಚಳ ತೆರೆದ. ಅತ್ತೆ ಬ್ರಹ್ಮಾಸ್ತ್ರವನ್ನೇ ಹೊರತೆಗೆದರು. “ನಿನ್ನ ಪಾಯಿಜಾಮ ಹಿಂದೆ ಹರಿದಿದೆ ಕಣೇ.”

ಇಡೀ ಸಭೆಯ ಕಣ್ಣು ಅವಳ ಬೆನ್ನಿಗೆ ಹೋಯಿತು. ಅವಳ ಕಣ್ಣು ಮಾತ್ರ ಹೋಗಲಿಲ್ಲ. ಕಾಲು ಎದ್ದಿತು, ಹಾರಿತು, ಅತ್ತೆಯ ಮೆತ್ತೆಯನ್ನು ಬೆಕ್ಕಿನ ಪಂಜದಂತೆ ಮೃದುವಾಗಿ ಮುಟ್ಟಿ ಕೆಳಗಿಳಿಯಿತು.

ಮಹಡಿ ಕಿತ್ತುಹೋಗುವಂಥ ಚಪ್ಪಾಳೆ. ಸೊಸೆಯ ಕೈ ಹಿಡಿದು ಮೇಲೆತ್ತಿದವರು ಮೇಷ್ಟ್ರಲ್ಲ, ಅತ್ತೆ! “ನನ್ನ ಸೊಸೆ ರೀ! ನಾನೇ ತಯಾರು ಮಾಡಿದ್ದು!” ಇಬ್ಬರಿಗೂ ಹಳದಿ ಬೆಲ್ಟ್ ಸಿಕ್ಕಿತು. (ಪಾಯಿಜಾಮ ನಿಜವಾಗಿಯೂ ಹರಿದಿತ್ತು. ಅದು ಬೇರೆ ವಿಷಯ.)

ಮರುದಿನದಿಂದ ಕಚೇರಿಯಲ್ಲಿ ಪವಾಡ ನಡೆಯತೊಡಗಿತು. ಕೌಂಟರಿನ ಮುಂದೆ ಜನ ಸಾಲಾಗಿ, ಕೈಕಟ್ಟಿ ನಿಂತರು. “ಮೇಡಂ, ನಿಮಗೆ ಬಿಡುವಾದಾಗ ನೋಡಿ. ನೀರು ಬರದಿದ್ರೂ ಪರವಾಗಿಲ್ಲ.” ಬಕೆಟ್ಟು ಕುಕ್ಕಿದ್ದವರೇ ಬಂದು ಕ್ಷಮೆ ಕೇಳಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಅವಳು ಬಾತ್‌ರೂಮಿನ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಧ್ಯಾನದ ತೇಜಸ್ಸು ಎಂದರೆ ಇದೇ ಇರಬೇಕು! ಕೆನ್ನೆಯ ಸುತ್ತ ಸಣ್ಣದೊಂದು ಪ್ರಭಾವಳಿಯೂ ಕಂಡ ಹಾಗಾಯಿತು.

ಪ್ರಭಾವಳಿ ಆರಿದ್ದು ರಜೆಯ ದಿನ, ಗಂಡನ ಅಕ್ಕ ಬಸ್ಸಿಳಿದು ಬಂದಾಗ. ಬಾಗಿಲು ತೆಗೆದ ಇವಳತ್ತ ನೋಡದೆ ಸೀದಾ ಒಳಗೆ ನುಗ್ಗಿದರು.

“ಅಮ್ಮಾ, ಬಟ್ಟೆ ತುಂಬ್ಕೋ. ಈ ಮನೇಲಿ ಇನ್ನೊಂದು ಗಳಿಗೆ ಇರಬೇಡ!”

“ಯಾಕೇ? ಏನಾಯ್ತು?”

“ಏನಾಯ್ತಾ? ಎಲ್ಲರ ಮುಂದೆ ಸೊಸೆ ಒದ್ದಳು ಅಂತ ಎದುರು ಮನೆ ದಂತವೈದ್ಯರ ಹೆಂಡತಿ ಫೋನ್ ಮಾಡಿ ಗೋಳಾಡಿದ್ರು! ಇಡೀ ಊರಿಗೇ ಗೊತ್ತಂತೆ! ನಿನ್ನ ಬಾಯಿಂದಾನೇ ಕೇಳಿದ್ರಂತೆ!”

ಸೊಸೆ ಅತ್ತೆಯತ್ತ ತಿರುಗಿದಳು. ಅತ್ತೆ ಮುಗ್ಧ ಶಿಶುವಿನಂತೆ ಕಣ್ಣು ಮಿಟುಕಿಸಿದರು. “ನಾನು ಹೆಮ್ಮೆಯಿಂದ ಹೇಳಿದ್ದಪ್ಪ. ‘ನನ್ನ ಸೊಸೆ ಒದ್ದಳು ನೋಡಿ, ಎಂಥಾ ಒದೆ, ಎಲ್ಲರೂ ಚಪ್ಪಾಳೆ ಹೊಡೆದ್ರು’ ಅಂದೆ. ಕರಾಟೇಲಿ ಅಂತ ಹೇಳೋದು ಮರೆತೆನೇನೋ.”

ಅಂದರೆ ಊರು ಕೈಕಟ್ಟಿ ನಿಂತದ್ದು ತೇಜಸ್ಸಿಗಲ್ಲ! ಸೊಸೆ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕುಸಿದಳು.

ಅತ್ತೆ ಎಲ್ಲವನ್ನೂ ವಿವರಿಸಿದರು. ಬೆಲ್ಟ್ ತಂದು ತೋರಿಸಿದರು. ಮಗನನ್ನು ಎದುರು ನಿಲ್ಲಿಸಿ ಆ ಒದೆಯ ಪ್ರಾತ್ಯಕ್ಷಿಕೆಯನ್ನೂ ಕೊಟ್ಟರು. (ಮುಲಾಮು ಆಗ ಉಪಯೋಗಕ್ಕೆ ಬಂತು.) ಗಂಡನ ಅಕ್ಕ ಚಹಾ ಕುಡಿದರು. ಲೋಟ ಇಡುವ ನೆಪದಲ್ಲಿ ಅಡುಗೆಮನೆಗೆ ಬಂದು, ಬಾಗಿಲು ಓರೆ ಮಾಡಿ, ಪಿಸುಗುಟ್ಟಿದರು.

“ಅಲ್ಲ ಕಣೇ, ಅಲ್ಲಿ ಅತ್ತೇನ ನಿಜವಾಗ್ಲೂ ಒದೀಬಹುದಾ?”

“ಒದೆಯೋದಲ್ಲ ಅಕ್ಕಾ, ಬರೀ ಮುಟ್ಟೋದು. ಅದಕ್ಕೂ ಮೊದಲು ಧ್ಯಾನ ಮಾಡಬೇಕು...”

“ಮಾಡ್ತೀನಿ ಬಿಡು, ಎಷ್ಟು ಹೇಳ್ತಾರೋ ಅಷ್ಟು ಮಾಡ್ತೀನಿ. ನಮ್ಮ ಕಡೆ ಇಂಥ ಕ್ಲಾಸಿಲ್ಲ. ಬೆಲ್ಟ್ ಬರೋವರೆಗೆ ಇಲ್ಲೇ ನಿಮ್ಮನೇಲೇ ಇರ್ತೀನಿ.”

“ಮತ್ತೆ ನಿಮ್ಮತ್ತೆ?”

“ಅವರಿಲ್ಲದೆ ಕಲಿತು ಏನು ಪ್ರಯೋಜನ? ಕರ್ಕೊಂಡೇ ಬರ್ತೀನಿ.”

ವಾರ ಕಳೆಯುವಷ್ಟರಲ್ಲಿ ಟ್ಯಾಕ್ಸಿ ಬಂದು ನಿಂತಿತು. ಮೊದಲು ಪೆಟ್ಟಿಗೆಗಳು, ಆಮೇಲೆ ದಿಂಬು, ಆಮೇಲೆ ಗಂಡನ ಅಕ್ಕ, ಕೊನೆಗೆ ಅವರ ಅತ್ತೆ ಇಳಿದರು. ಆಕೆ ಕನ್ನಡಕ ಸರಿಪಡಿಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಈ ಮನೆಯ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಈ ಮೆಟ್ಟಿಲು ಗುಡಿಸೋ ಅಭ್ಯಾಸ ಇಲ್ವೇನಮ್ಮ ನಿಮ್ಮಲ್ಲಿ?” ಎಂದರು.

ಸೊಸೆ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಯಾರೋ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಅತ್ತೆ! ಹಳದಿ ಬೆಲ್ಟನ್ನು ಸೊಂಟಕ್ಕೆ ಬಿಗಿಯುತ್ತ, ಕಣ್ಣುಗಳಲ್ಲಿ ಸಂಭ್ರಮ ತುಂಬಿಕೊಂಡು ಸೊಸೆಯ ಕಿವಿಯಲ್ಲಿ ಉಸುರಿದರು.

“ಬೀಗಿತ್ತಿ ಅಂತ ಇಷ್ಟು ವರ್ಷ ಮರ್ಯಾದೆ ಕೊಟ್ಟು ಕೊಟ್ಟು ಸಾಕಾಗಿದೆ ಕಣೇ. ಇವಳನ್ನ ನನಗೆ ಬಿಡು.”