ನೇರಳೆ ಕೂದಲಿನ ಶಿಷ್ಯ

ನನ್ನ ಮಾವನವರಿಗೆ ಈ ಭೂಮಿಯ ಮೇಲೆ ಇದ್ದದ್ದು ಒಬ್ಬನೇ ಶತ್ರು. ಅವನಿಗೆ ಹತ್ತೊಂಬತ್ತು ವರ್ಷ, ನೇರಳೆ ಬಣ್ಣದ ಕೂದಲು, ವಾಸ ಕೊರಿಯಾದಲ್ಲಿ. ಮಾವನವರಿಗೆ ಎಪ್ಪತ್ತನಾಲ್ಕು, ಕೂದಲೇ ಇಲ್ಲ, ವಾಸ ಪರದೇಶದ ಲೂಕನ್ ಎಂಬ ಊರಿನಲ್ಲಿರುವ ನಮ್ಮ ಮನೆಯ ಸೋಫಾದ ಬಲತುದಿಯಲ್ಲಿ. ಇಬ್ಬರೂ ಒಮ್ಮೆಯೂ ಭೇಟಿಯಾದವರಲ್ಲ. ಆದರೂ ಹತ್ತು ತಿಂಗಳು ಜಗಳ ನಡೆಯಿತು ಎಂದರೆ ನೀವು ನಂಬಬೇಕು!

ಮಾವನವರು ಮೈಸೂರಿನಲ್ಲಿ ಮೃದಂಗದ ಮೇಷ್ಟ್ರು. ಮೂರು ತಿಂಗಳು ಮೊಮ್ಮಗಳ ಜೊತೆ ಇದ್ದು ಹೋಗೋಣ ಎಂದು ಬಂದಿದ್ದರು. ಬಂದ ಮೂರನೇ ವಾರಕ್ಕೆ ವಿಮಾನಗಳು ನಿಂತವು, ಶಾಲೆಗಳು ಮುಚ್ಚಿದವು. ಮೃದಂಗ ಮೈಸೂರಿನಲ್ಲೇ ಉಳಿದಿತ್ತು. ಹದಿಮೂರು ವರ್ಷದ ಮಗಳು ಟೀವಿಯಲ್ಲಿ ಕೊರಿಯಾದ ಧಾರಾವಾಹಿ ಹಾಕಿಕೊಂಡು ಕೂತಿದ್ದಳು. ಕಾಲೇಜು ಹುಡುಗರು ಸೇರಿ ಬ್ಯಾಂಡ್ ಕಟ್ಟುತ್ತಾರೆ. ಹಾಡುವ ಹುಡುಗಿಗೆ ಡ್ರಮ್ಸ್ ಬಾರಿಸುವ ನೇರಳೆ ಕೂದಲಿನ ಹುಡುಗನ ಮೇಲೆ ಪ್ರೀತಿ. ಅವನು ಮುಖ ತಿರುಗಿಸಿಕೊಂಡೇ ಹದಿನಾರು ಕಂತು ಕಳೆಯುತ್ತಾನೆ. ಕಥೆ ಇಷ್ಟೇ.

ಮೊದಲ ಕಂತಿನಲ್ಲೇ ಮಾವ ಎದ್ದು ನಿಂತರು.

"ನಿಲ್ಸು ಪುಟ್ಟಿ! ಹಿಂದಕ್ಕೆ ಹಾಕು."

"ವಾಟ್, ತಾತ?"

"ಆ ಕಡ್ಡಿ ತಟ್ಟೆಗೆ ತಾಗೇ ಇಲ್ಲ, ಶಬ್ದ ಮಾತ್ರ ಬಂತು. ನೋಡು, ಒಂದು ಗೇಣು ಮೇಲಿದೆ!"

"ಹಿ ಈಸ್ ಆ್ಯನ್ ಆ್ಯಕ್ಟರ್, ತಾತ."

"ಪ್ರೀತಿ ಮಾಡೋದ್ರಲ್ಲಿ ಆ್ಯಕ್ಟ್ ಮಾಡ್ಲಿ, ಯಾರು ಬೇಡ ಅಂದ್ರು? ವಾದ್ಯದ ಮುಂದೆ ಕೂತ್ಕೊಂಡು ಆ್ಯಕ್ಟ್ ಮಾಡ್ತಾನಾ?"

ಅಂದಿನಿಂದ ಮಾವ ಆ ಹುಡುಗನ ಗುರುವಾದರು. ಪ್ರತಿ ಗುರುವಾರ ಸಂಜೆ ಐದಕ್ಕೆ ಪಾಠ. ಹಳೆಯ ಪಾಠ ಒಪ್ಪಿಸದೆ ಹೊಸ ಪಾಠವಿಲ್ಲ, ನಲವತ್ತು ವರ್ಷ ಅವರು ಹಾಗೆಯೇ ಕಲಿಸಿದವರು. ಹಾಗಾಗಿ ಹುಡುಗ ತಪ್ಪು ಬಾರಿಸಿದ ಕಂತು ಮುಂದಿನ ಗುರುವಾರ ಮತ್ತೆ ಬರುತ್ತಿತ್ತು. ಅದರ ಮುಂದಿನ ಗುರುವಾರವೂ! ಕೊನೆಗೆ ಮಾವ ಗೊಣಗಿಕೊಂಡೇ ಮುಂದಿನ ಕಂತಿಗೆ ಬಿಡುತ್ತಿದ್ದರು.

"ಮಾವ, ಅದು ರೆಕಾರ್ಡ್ ಆಗಿರೋದು. ಎಷ್ಟು ಸಲ ಹಾಕಿದ್ರೂ ಅದೇ ತಪ್ಪು ಮಾಡ್ತಾನೆ" ಎಂದೆ.

"ಗೊತ್ತಮ್ಮ. ಮೊದಮೊದಲು ಎಲ್ಲ ಶಿಷ್ಯರೂ ಹಾಗೇ."

ಮಗಳ ಗೆಳತಿಯರು ಎರಡೇ ದಿನದಲ್ಲಿ ಧಾರಾವಾಹಿ ಮುಗಿಸಿ ಬೇರೆಯದಕ್ಕೆ ಹೋಗಿದ್ದರು. ಇವಳು ಮಾತ್ರ ತಾತನನ್ನು ಬಿಟ್ಟು ಮುಂದಿನದನ್ನು ನೋಡುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ, "ಇಟ್ಸ್ ಗ್ರ್ಯಾಂಡ್, ಅಮ್ಮಾ" ಎನ್ನುತ್ತಿದ್ದಳು, ಇಲ್ಲಿನವರ ಹಾಗೆ 'ಪರವಾಗಿಲ್ಲ' ಎನ್ನುವ ಅರ್ಥದಲ್ಲಿ.

ಪ್ರೇಮದ ವಿಷಯದಲ್ಲಿ ಮಾವನವರಿಗೆ ಆಸಕ್ತಿ ಇರಲಿಲ್ಲವೇ? ಇತ್ತು, ಅವರದೇ ರೀತಿಯಲ್ಲಿ. ಆರನೇ ಕಂತಿನಲ್ಲಿ ಹುಡುಗಿ ಮಳೆಯಲ್ಲಿ ನಿಂತು ಅಳುತ್ತಾಳೆ, ಹುಡುಗ ಕೊಡೆ ಹಿಡಿಯುತ್ತಾನೆ. ಮಗಳು ಕಣ್ಣೊರೆಸಿಕೊಂಡಳು. ಮಾವ ಹೇಳಿದರು: "ಮಳೆಗೆ ಇರೋ ಲಯ ಇವನಿಗಿಲ್ಲ. ಪಾಪ, ಹುಡುಗಿ ಶ್ರುತಿ ಬಿಡಲ್ಲ. ತಾಳ ಇಲ್ಲದವನನ್ನ ಕಟ್ಟಿಕೊಂಡು ಏನು ಬಾಳ್ತಾಳೆ? ಆ ಗಿಟಾರಿನವನೇ ವಾಸಿ."

ಒಂದು ಸಂಜೆ ಆಸ್ಪತ್ರೆಯವರಿಗಾಗಿ ಬೀದಿಯವರೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ಒಬ್ಬರ ಚಪ್ಪಾಳೆಗೂ ಇನ್ನೊಬ್ಬರದಕ್ಕೂ ಹೊಂದಾಣಿಕೆ ಇಲ್ಲ. ಮಾವನವರಿಗೆ ತಡೆಯಲಾಗಲಿಲ್ಲ. ಉಣ್ಣೆಯ ಟೋಪಿ ಹಾಕಿಕೊಂಡು ಗೇಟಿಗೆ ಹೋಗಿ ಆದಿತಾಳ ಹಾಕತೊಡಗಿದರು. ತಟ್ಟು, ಬೆರಳೆಣಿಕೆ, ತಟ್ಟು, ಅಂಗೈ ಮೇಲೆ ಮಾಡಿ ಬೀಸು. ಪ್ರತಿ ಬೀಸಿಗೂ ಎದುರು ಮನೆಯ ವಯಸ್ಸಾದ ಹೆಂಗಸು, ತನಗೇ ಕೈ ಬೀಸುತ್ತಿದ್ದಾರೆಂದುಕೊಂಡು, "ಹಲೋ, ಲವ್!" ಎಂದು ಕೈ ಬೀಸಿದರು. ಮಾವ ಒಳಗೆ ಬಂದು ಗಂಭೀರವಾಗಿ ಹೇಳಿದರು: "ಎಂಟನೇ ಎಣಿಕೆಗೆ ಸರಿಯಾಗಿ ಬೀಸಿದ್ರು ಆಯಮ್ಮ. ಕೊರಿಯಾದವನಿಗಿಂತ ಎಷ್ಟೋ ಮೇಲು."

ಆದರೆ ಅವರಿಗೂ 'ಭಲೇ' ಸಿಗಲಿಲ್ಲ. ಬಲಗೈಯಿಂದ ತೊಡೆಗೆ ಒಂದು ಪೆಟ್ಟು ಕೊಟ್ಟು "ಭಲೇ" ಎನ್ನುವುದು ಮಾವನವರು ಕೊಡುತ್ತಿದ್ದ ಏಕೈಕ ಸರ್ಟಿಫಿಕೇಟು. ಹತ್ತು ತಿಂಗಳಲ್ಲಿ ನಾನು ಅದನ್ನು ಕೇಳಿದ್ದು ಒಂದೇ ಸಲ. ನಮ್ಮ ವಾಷಿಂಗ್ ಮಷೀನು ಬಟ್ಟೆ ಹಿಂಡುತ್ತಿತ್ತು.

ನನ್ನ ಗಂಡ ಸ್ಯಾಂಡಿಫರ್ಡಿನ ಆಫೀಸನ್ನು ಸೋಫಾದ ಹಿಂದಿದ್ದ ಊಟದ ಮೇಜಿಗೆ ತಂದುಕೊಂಡಿದ್ದರು. ಕಿವಿಗೆ ಸದಾ ಹೆಡ್‌ಫೋನು. ಗುರುವಾರದ ಪಾಠದ ಕಡೆ ಒಮ್ಮೆಯೂ ತಲೆಯೆತ್ತಿದವರಲ್ಲ. ಚಿಕ್ಕಂದಿನಲ್ಲಿ ಅಪ್ಪನ ಹತ್ತಿರ ಮೃದಂಗ ಕಲಿತು ಹನ್ನೊಂದನೇ ವಯಸ್ಸಿಗೆ ಬಿಟ್ಟವರು. ಯಾಕೆ ಬಿಟ್ಟಿರಿ ಎಂದು ಹಿಂದೊಮ್ಮೆ ಕೇಳಿದ್ದೆ. "ಐದು ವರ್ಷ ಬಾರಿಸಿದೆ. ಒಂದು ಸಲಾನೂ ಭಲೇ ಅನ್ಲಿಲ್ಲ" ಎಂದಿದ್ದರು.

ವಿಮಾನಗಳು ಮತ್ತೆ ಶುರುವಾದವು. ಮಾವ ಹೊರಡಲಿಲ್ಲ. "ಹದಿನೈದು ಪಾಠ ಆಗಿದೆ. ಒಂದು ಸಲ ಅವನ ಕೈ ಸರಿ ಬರ್ಲಿ, ಆಮೇಲೆ ಹೋಗ್ತೀನಿ" ಎಂದರು. ಚಳಿಗಾಲದಲ್ಲಿ ಕೆಮ್ಮು ಬಂತು. ಆ್ಯಂಬುಲೆನ್ಸಿನವರು ಕರೆದುಕೊಂಡು ಹೋದರು. ನಮ್ಮನ್ನು ಒಳಗೆ ಬಿಡುವಂತಿರಲಿಲ್ಲ. ಒಬ್ಬಳು ನರ್ಸ್ ಅವರ ಮುಂದೆ ಫೋನು ಹಿಡಿದಳು.

"ತಾತ, ಲಾಸ್ಟ್ ಎಪಿಸೋಡ್ ಈಗ್ಲೇ ಹಾಕ್ಲಾ? ಫೋನಲ್ಲೇ ನೋಡೋಣ" ಎಂದಳು ಮಗಳು, ಕನ್ನಡದಲ್ಲಿ.

ಮಾವ ಮುಖದ ಮೇಲಿದ್ದ ಮಾಸ್ಕನ್ನು ಸ್ವಲ್ಪ ಸರಿಸಿದರು. "ಬೇಡ ಪುಟ್ಟಿ. ಹದಿನೈದನೇದು ಅವನು ಇನ್ನೂ ಒಪ್ಪಿಸಿಲ್ಲ."

ಮೂರನೇ ದಿನ ಆಸ್ಪತ್ರೆಯಿಂದ ಫೋನು ಬಂತು. ಅಂತ್ಯಕ್ರಿಯೆಗೆ ಹತ್ತು ಜನರಿಗೆ ಅನುಮತಿಯಿತ್ತು. ನಾವಿದ್ದದ್ದು ಮೂವರು. ಮರುದಿನ ನನ್ನ ಗಂಡ ಊಟದ ಮೇಜಿಗೆ ಮರಳಿ ಹೆಡ್‌ಫೋನು ಹಾಕಿಕೊಂಡರು. ಅತ್ತದ್ದನ್ನು ನಾನು ನೋಡಲಿಲ್ಲ.

ಮಗಳು ಹದಿನೈದನೇ ಕಂತನ್ನು ಒಬ್ಬಳೇ ಇನ್ನೂ ಎಂಟು ಗುರುವಾರ ನೋಡಿದಳು. ಒಂಬತ್ತನೇ ಗುರುವಾರ, ಸಂಜೆ ಐದಕ್ಕೆ, ನನ್ನನ್ನು ಕರೆದು ಕೂರಿಸಿಕೊಂಡು ಕೊನೆಯದನ್ನು ಹಾಕಿದಳು. ಸೋಫಾದ ಬಲತುದಿಯಲ್ಲಿ ಇಬ್ಬರೂ ಕೂರಲಿಲ್ಲ.

ದೊಡ್ಡ ವೇದಿಕೆ, ಕೊನೆಯ ಹಾಡು. ತಪ್ಪು ಬಂದ ತಕ್ಷಣ ನಿಲ್ಲಿಸಲು ಮಗಳ ಹೆಬ್ಬೆರಳು ರಿಮೋಟಿನ ಮೇಲೆ ಸಿದ್ಧವಾಗಿತ್ತು. ನಿಲ್ಲಿಸಲಿಲ್ಲ. ಕಡ್ಡಿ ತಟ್ಟೆಗೆ ತಾಗಿತು, ಮತ್ತೆ ತಾಗಿತು, ಹಾಡು ಮುಗಿಯುವವರೆಗೂ ತಾಗಿತು. ಧಾರಾವಾಹಿ ಮುಗಿಯುವಷ್ಟರಲ್ಲಿ ಹುಡುಗ ನಿಜವಾಗಿಯೂ ಕಲಿತಿದ್ದನೋ ಏನೋ.

"ಹಿ ಗಾಟ್ ಇಟ್" ಎಂದಳು ಮಗಳು ಮೆಲ್ಲಗೆ, ಸೋಫಾದ ಬಲತುದಿಗೆ.

ಹಿಂದಿನಿಂದ ತೊಡೆಗೆ ಪೆಟ್ಟು ಬಿದ್ದ ಸದ್ದು ಕೇಳಿಸಿತು.

"ಭಲೇ."

ತಿರುಗಿ ನೋಡಿದೆ. ನನ್ನ ಗಂಡನ ಹೆಡ್‌ಫೋನು ಮೇಜಿನ ಮೇಲಿತ್ತು.