ಇಲಿ ಕರಗುವ ತನಕ

ಎಲ್ಲಕ್ಕೂ ಕಾರಣ ಒಂದು ಬಿಳಿ ಇಲಿ. ಅದೂ ಸತ್ತದ್ದು, ಸತ್ತು ಫ್ರೀಜರ್‌ನಲ್ಲಿ ಕಲ್ಲಾಗಿ ಕೂತದ್ದು. ಹಿಂದಿನ ರಾತ್ರಿಯೇ ಅದನ್ನು ತೆಗೆದು ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಡಬೇಕಿತ್ತು. ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತರು ಅದನ್ನು ಮರೆತು ಗೊರಕೆ ಹೊಡೆದರು.

ಇಲಿ ಗುಮಾಸ್ತರ ಊಟಕ್ಕಲ್ಲ, ಮುದ್ದುವಿನ ಊಟಕ್ಕೆ. ಮುದ್ದು ಎಂದರೆ ಮಗಳು ಸಾಕಿದ ಹಾವು. ವಿಷವಿಲ್ಲದ ಜಾತಿ, ಹಜಾರದ ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ವಾಸ. ಮಗಳು ಓದಲೆಂದು ಹಾಸ್ಟೆಲ್ ಸೇರಿದಾಗ ಹಾವನ್ನು ಅಪ್ಪನ ಕೊರಳಿಗೆ ಕಟ್ಟಿ ಹೋಗಿದ್ದಳು. ಅಂದರೆ ಹಾವಿನ ಜವಾಬ್ದಾರಿಯನ್ನು. ನಿಜವಾಗಿ ಕಟ್ಟಿದ್ದರೆ ಗುಮಾಸ್ತರು ಅಲ್ಲಿಯೇ ಕಣ್ಣು ಮುಚ್ಚುತ್ತಿದ್ದರು.

ಬೆಳಿಗ್ಗೆ ಮಗಳ ಫೋನು ಬಂತು. ಹೆಂಡತಿಗೆ ಕೇಳಿಸದಿರಲೆಂದು ಗುಮಾಸ್ತರು ಬಾಲ್ಕನಿಗೆ ಹೋದರು.

"ಅಪ್ಪಾ, ಹೋದ ವಾರಾನೂ ತಿನ್ಲಿಲ್ಲ, ಅದರ ಹಿಂದಿನ ವಾರಾನೂ ತಿನ್ಲಿಲ್ಲ ಅಂದೆ. ಇವತ್ತೂ ತಿನ್ಲಿಲ್ಲ ಅಂದ್ರೆ ನಾನು ಪರೀಕ್ಷೆ ಬಿಟ್ಟು ಸಂಜೆ ಬಸ್ಸಿಗೆ ಹೊರಟೆ ಅಂತಾನೇ ತಿಳ್ಕೋ."

"ಪರೀಕ್ಷೆ ಬಿಟ್ಟು ಬರ್ತೀಯಾ? ತಲೆಗಿಲೆ ಕೆಟ್ಟಿದ್ಯಾ ನಿಂಗೆ?"

"ಮುದ್ದುಗೆ ಏನಾದ್ರೂ ಆದ್ರೆ ನಂಗೆ ಪರೀಕ್ಷೇಲಿ ಒಂದಕ್ಷರ ಹೊಳೆಯಲ್ಲ. ಹೇಳಿದ್ದೆಲ್ಲಾ ಜ್ಞಾಪಕ ಇದೆ ತಾನೆ? ಮೊದಲು ಫ್ರಿಜ್ಜಲ್ಲಿ ನಿಧಾನಕ್ಕೆ ಕರಗ್ಬೇಕು. ಆಮೇಲೆ ಕವರ್ ಸಮೇತ ಬೆಚ್ಚಗಿರೋ ನೀರಲ್ಲಿ ಅದ್ದಬೇಕು. ಕುದಿಯೋ ನೀರು ಬೇಡ. ಹೊಟ್ಟೆ ಒತ್ತಿ ನೋಡು, ಒಳಗೆ ಗಟ್ಟಿ ಇದ್ರೆ ಕೊಡಬೇಡ. ಸೋಪು ಹಾಕಿ ಕೈ ತೊಳ್ಕೋ. ಮತ್ತೆ ಮೈಕ್ರೋವೇವ್ ಮಾತ್ರ..."

"ಅದರ ಮಾತೆತ್ತಬೇಡ ಮಾರಾಯ್ತಿ," ಎಂದು ಗುಮಾಸ್ತರು ಫೋನಿಟ್ಟರು.

ಅವರು ಹಿಂದೊಮ್ಮೆ ಅವಸರಕ್ಕೆ ಬಿದ್ದು ಇಲಿಯನ್ನು ಮೈಕ್ರೋವೇವಿನಲ್ಲಿ ಇಟ್ಟಿದ್ದರು. ಆಮೇಲೆ ನಡೆದದ್ದನ್ನು ವಿವರಿಸುವುದು ಸಭ್ಯತೆಯಲ್ಲ. ಟಪ್ ಎಂದು ಸದ್ದಾಯಿತು, ಯಂತ್ರ ಗುಜರಿಗೆ ಹೋಯಿತು, ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಶಪಥ ಮಾಡಿದರು. "ಫ್ರೀಜರ್‌ನಲ್ಲಿ ಬೇಕಾದ್ರೆ ಮುಚ್ಚಿದ ಡಬ್ಬೀಲಿ ಬಿದ್ದಿರ್ಲಿ. ಆದ್ರೆ ನನ್ನ ಅಡುಗೆಮನೇಲಿ ಇಲಿ ಕರಗಿತೋ, ನಾನು ಈ ಮನೇಲಿರಲ್ಲ. ಆ ಹಾವನ್ನಂತೂ ನಾನು ಕಣ್ಣೆತ್ತಿಯೂ ನೋಡಲ್ಲ." ಅಂದಿನಿಂದ ಗುಮಾಸ್ತರು ರಾತ್ರಿ ಕಳ್ಳಹೆಜ್ಜೆಯಲ್ಲಿ ಬಂದು ಇಲಿಯನ್ನು ಕೆಳಗಿನ ತಟ್ಟೆಗೆ ಇಳಿಸುವುದು, ಹೆಂಡತಿ ಏಳುವ ಮುಂಚೆ ಬಚ್ಚಲಲ್ಲಿ ಬೆಚ್ಚಗೆ ಮಾಡುವುದು, ಇಕ್ಕಳದಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ಮುದ್ದುವಿನತ್ತ ಚಾಚುವುದು ನಡೆದಿತ್ತು.

ಇವತ್ತು ಆ ದಾರಿ ಮುಚ್ಚಿತ್ತು. ಹೆಂಡತಿ ಆಗಲೇ ಅಡುಗೆಮನೆಯಲ್ಲಿದ್ದರು. ಉಳಿದದ್ದು ಕಚೇರಿಯ ಫ್ರಿಜ್ಜು ಒಂದೇ. ಗುಮಾಸ್ತರು ಇಲಿಗೆ ಎರಡು ಕವರ್ ತೊಡಿಸಿ, ಸ್ಟೀಲ್ ಡಬ್ಬಿಗೆ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿದರು.

ಕಚೇರಿಯ ಫ್ರಿಜ್ಜಿನಲ್ಲಿ ಏನಿಟ್ಟರೂ ರುಚಿಗಾರನ ಭಯ. ಪಕ್ಕದ ಮೇಜಿನ ಆ ಸಹೋದ್ಯೋಗಿಗೆ ಈ ಹೆಸರು ಸುಮ್ಮನೆ ಬಂದದ್ದಲ್ಲ. ಯಾರ ಡಬ್ಬಿಯಾದರೂ ಅವನು ತೆರೆದು ಒಂದು ತುತ್ತು ನೋಡದೆ ಬಿಡುವವನಲ್ಲ. ಹಾಗಾಗಿ ಗುಮಾಸ್ತರು ಡಬ್ಬಿಯ ಮೇಲೆ "ಔಷಧಿ, ತೆರೆಯಬಾರದು" ಎಂದು ಚೀಟಿ ಅಂಟಿಸಿದರು. ತಮ್ಮ ಜಾಣತನವನ್ನು ತಾವೇ ಮೆಚ್ಚಿಕೊಂಡು ಕುರ್ಚಿಗೆ ಬಂದು ಕೂತರು.

ಗಳಿಗೆಯಲ್ಲಿ ಟೈಪಿಸ್ಟ್ ಅಕ್ಕ ಪ್ರತ್ಯಕ್ಷರಾದರು.

"ಏನಪ್ಪಾ ಅದು, ತಣ್ಣಗಿಡೋ ಔಷಧಿ? ಇಂಜೆಕ್ಷನ್ನಾ?"

"ಏನಿಲ್ಲ ಅಕ್ಕಾ, ಸಣ್ಣದು."

"ಸಣ್ಣದಕ್ಕೆಲ್ಲಾ ಫ್ರಿಜ್ ಬೇಕಾ? ಮುಖ ಬೇರೆ ಬಾಡಿ ಹೋಗಿದೆ. ನನ್ನ ಹತ್ರ ಮುಚ್ಚಿಡಬೇಡ."

"ಅಯ್ಯೋ ಏನೂ ಇಲ್ಲ ಅಂದ್ನಲ್ಲ!"

ಇಷ್ಟು ಜೋರಾಗಿ ಇಲ್ಲವೆಂದ ಮೇಲೆ ಇದ್ದೇ ಇದೆ ಎಂದು ಅಕ್ಕ ತೀರ್ಮಾನಿಸಿದರು. ಅವರ ಬಾಯಿಗೆ ಬಿದ್ದ ಸುದ್ದಿಗೆ ಕಚೇರಿಯ ಕೊಳವೆಯಲ್ಲಿ ಹರಿಯುವ ನೀರಿಗಿಂತ ಎಷ್ಟೋ ವೇಗ. ವಾರದಿಂದ ನಲ್ಲಿಯಲ್ಲಿ ಹನಿ ಬಂದಿಲ್ಲವೆಂದು ಮೇಜು ಗುದ್ದಲು ಬಂದಿದ್ದ ದಢೂತಿ ಗಿರಾಕಿಯೊಬ್ಬ, ಅಕ್ಕ ಕಿವಿಯಲ್ಲಿ ಏನೋ ಉಸುರಿದೊಡನೆ ಮೆತ್ತಗಾದ. "ನೀರು ಬಂದಾಗ ಬರ್ಲಿ ಬಿಡಿ ಸಾರ್. ನೀವು ಧೈರ್ಯವಾಗಿರಿ," ಎಂದು ಗುಮಾಸ್ತರ ಭುಜ ಸವರಿ ಹೊರಟುಹೋದ.

ಊಟದ ಹೊತ್ತಿಗೆ ಇನ್ನೂ ದೊಡ್ಡ ಪವಾಡ ನಡೆಯಿತು. ಹುಟ್ಟಿದಾಗಿನಿಂದ ಬೇರೆಯವರ ಡಬ್ಬಿಗೆ ಕೈಹಾಕಿ ಬೆಳೆದ ರುಚಿಗಾರ ತನ್ನ ಊಟದಲ್ಲಿ ಅರ್ಧವನ್ನು ಗುಮಾಸ್ತರ ಮುಂದೆ ತಳ್ಳಿದ. "ತಿನ್ನಿ ಸಾರ್. ಇದ್ದಾಗ ತಿಂದ್ರೇನೇ ತಿಂದ ಹಾಗೆ." ಅವನ ಕಣ್ಣು ತುಂಬಿತ್ತು. ತಾವು ನಿಜವಾಗಿಯೂ ಸಾಯುತ್ತಿರಬಹುದೇ ಎಂಬ ಅನುಮಾನ ಗುಮಾಸ್ತರಿಗೇ ಬಂತು.

ಮಧ್ಯಾಹ್ನ ಕಳೆದು ಡಬ್ಬಿ ತೆರೆದು ಒತ್ತಿ ನೋಡಿದರೆ ಇಲಿ ಮುಕ್ಕಾಲು ಕರಗಿತ್ತು. ಇನ್ನು ಬೆಚ್ಚಗಿನ ನೀರಿನ ಕೆಲಸ. ನೀರು ಸರಬರಾಜು ಕಚೇರಿಯ ನಲ್ಲಿಯಲ್ಲಿ ನೀರಿರಲಿಲ್ಲ. ಗುಮಾಸ್ತರು ಟೀ ಕಾಯಿಸುವ ಕೆಟಲಿನಿಂದ ಒಂದಷ್ಟು, ಕುಡಿಯುವ ನೀರಿನ ಕ್ಯಾನಿನಿಂದ ಒಂದಷ್ಟು ಸುರಿದು, ಮೊಣಕೈ ಅದ್ದಿ ಹದ ನೋಡಿ, ಪ್ಲಾಸ್ಟಿಕ್ ಮಗ್ಗು ಹಿಡಿದು ಶೌಚಾಲಯಕ್ಕೆ ಹೊಕ್ಕು ಚಿಲಕ ಹಾಕಿದರು. ಕವರನ್ನು ನೀರಿನಲ್ಲಿ ಮುಳುಗಿಸಿ, ಮಗುವಿಗೆ ಸ್ನಾನ ಮಾಡಿಸುವವರ ಹಾಗೆ ಕುಕ್ಕುರುಗಾಲಲ್ಲಿ ಕೂತರು.

ಹೊರಗೆ ಬಾಗಿಲು ತಟ್ಟಿದ ಸದ್ದು. "ಏನಪ್ಪಾ, ಇಷ್ಟೊತ್ತಾಯ್ತು?"

"ಬಂದೆ ಅಕ್ಕಾ!" ಎಂದ ಗುಮಾಸ್ತರು ಇಲಿಯನ್ನು ಒತ್ತಿ ನೋಡಿ ತಮ್ಮಷ್ಟಕ್ಕೆ ಗೊಣಗಿದರು: "ಹೊಟ್ಟೆ ಇನ್ನೂ ಗಟ್ಟಿ ಇದೆಯಲ್ಲಪ್ಪಾ ದೇವರೇ."

ಅಷ್ಟೇ ಸಾಕಾಯಿತು. "ಮೇಡಂ, ಓಡಿ ಬನ್ನಿ!" ಎಂದು ಅಕ್ಕ ಕೂಗಿದ ಕೂಗಿಗೆ ಮೂರು ವಿಭಾಗಗಳು ಎದ್ದು ಬಂದವು. ಕಚೇರಿಯ ಅಧಿಕಾರಿಣಿ ಮೇಡಂ ಎಂದರೆ ಎಲ್ಲರಿಗೂ ಎದೆ ನಡುಕ. ಅವರು ನಕ್ಕದ್ದನ್ನು ಕಂಡವರಿಲ್ಲ. "ಈಚೆ ಬನ್ರೀ. ಜೀಪ್ ತರಿಸಿದೀನಿ, ಆಸ್ಪತ್ರೆಗೆ ಹೋಗೋಣ," ಎಂದು ಗುಡುಗಿದರು.

"ಬೇಡ ಮೇಡಂ, ಮನೆಗೆ ಹೋದ್ರೆ ಸರಿ ಹೋಗುತ್ತೆ," ಎಂದರು ಒಳಗಿನಿಂದ ಗುಮಾಸ್ತರು.

ಅಷ್ಟರಲ್ಲಿ ಇಲಿ ಪೂರ್ತಿ ಮೆತ್ತಗಾಗಿತ್ತು. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡುವಂತಿಲ್ಲ, ತಣ್ಣಗಾಗಲು ಬಿಡುವಂತಿಲ್ಲ. ಕೊಟ್ಟರೆ ಈಗಲೇ ಕೊಡಬೇಕು. ಇಲ್ಲವಾದರೆ ಮಗಳು ಬಸ್ಸು ಹತ್ತುತ್ತಾಳೆ. ಗುಮಾಸ್ತರು ಕವರನ್ನು ಒರೆಸಿ ಅಂಗಿಯೊಳಗೆ ಸೇರಿಸಿ, ಜಾರದಂತೆ ಎರಡೂ ಕೈಗಳಿಂದ ಹೊಟ್ಟೆ ಹಿಡಿದು ಹೊರಬಂದರು. ಬೆಚ್ಚಗಿನ ಇಲಿ ಹೊಕ್ಕುಳಿಗೆ ತಗುಲಿದಾಗೆಲ್ಲ ಮುಖ ಹಿಂಡಿದರು. ಅದನ್ನು ಕಂಡು ಅಕ್ಕ ಬಿಕ್ಕಿದರು. ಮನೆಗೇ ಹೋಗಬೇಕೆಂದು ಗುಮಾಸ್ತರು ಹಠ ಹಿಡಿದದ್ದರಿಂದ ಜೀಪು ಮನೆಯತ್ತ ಹೊರಟಿತು. ಒಂದು ಪಕ್ಕ ಅಕ್ಕ, ಇನ್ನೊಂದು ಪಕ್ಕ ರುಚಿಗಾರ, ಮುಂದೆ ಮೇಡಂ. ದಾರಿಯಲ್ಲಿ ಹಳ್ಳ ಬಂದಾಗ ಮೂವರೂ ಚಾಲಕನನ್ನು ಬೈದರು.

ಬಾಗಿಲು ತೆರೆದ ಗುಮಾಸ್ತರ ಹೆಂಡತಿಯನ್ನು ಅಕ್ಕ ತಬ್ಬಿಕೊಂಡರು. "ಧೈರ್ಯ ತಂದ್ಕೊಳ್ಳಮ್ಮಾ. ನಾವೆಲ್ಲಾ ಇದೀವಿ."

"ಏನಾಯ್ತು? ರೀ, ಏನಾಯ್ತು ನಿಮಗೆ?" ಹೆಂಡತಿಯ ಮುಖ ಬಿಳಿಚಿತು.

ಅದನ್ನು ನೋಡಲಾಗದೆ ಗುಮಾಸ್ತರು ಅಂಗಿಯೊಳಗಿಂದ ಕವರು ತೆಗೆದು ಎತ್ತಿ ಹಿಡಿದರು. ಬೆಳಗಿನ ಫೋನಿನಿಂದ ಹಿಡಿದು ಶೌಚಾಲಯದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಅಕ್ಕ ಸೋಫಾ ಹತ್ತಿ ನಿಂತರು. ರುಚಿಗಾರ ಬಾಯಿ ಮುಚ್ಚಿಕೊಂಡ. "ಸಾರ್, ಅದು ಇಡೀ ದಿನ ನನ್ನ ಡಬ್ಬಿ ಪಕ್ಕ ಕೂತಿತ್ತು!"

ಮೇಡಂ ಮಾತ್ರ ಕದಲಲಿಲ್ಲ. "ಸರಕಾರಿ ಜೀಪಲ್ಲಿ ಇಲಿ ಮೆರವಣಿಗೆ ಮಾಡ್ಸಿದೀರಿ. ಅದು ತಿನ್ನೋದನ್ನಾದ್ರೂ ನೋಡ್ಕೊಂಡೇ ಹೋಗ್ತೀನಿ. ಹಾಕ್ರೀ."

ಗುಮಾಸ್ತರು ಇಕ್ಕಳದಲ್ಲಿ ಇಲಿಯ ಬಾಲ ಹಿಡಿದು, ಕಣ್ಣು ಮುಚ್ಚಿ, ಪೆಟ್ಟಿಗೆಯೊಳಗೆ ಇಳಿಬಿಟ್ಟರು. ಎಲ್ಲರೂ ಉಸಿರು ಬಿಗಿಹಿಡಿದರು. ಮುದ್ದು ತಲೆ ಎತ್ತಿ ನೋಡಿ, ಇಲಿಗೆ ಬೆನ್ನು ತೋರಿಸಿ ಮಲಗಿತು.

"ಮುಗೀತು. ಮಗಳ ಪರೀಕ್ಷೆ ಹೋಯ್ತು," ಎಂದರು ಗುಮಾಸ್ತರು.

ಮೇಡಂ ಕನ್ನಡಕ ಸರಿಪಡಿಸಿಕೊಂಡು ಗಾಜಿಗೆ ಮೂಗು ತಾಗಿಸಿದರು. "ಅಲ್ರೀ, ವಾರಗಟ್ಟಲೆ ಉಪವಾಸ ಅಂತೀರಿ. ನಡುವಲ್ಲಿ ಅದೇನು ಅಷ್ಟು ದಪ್ಪ?"

ಗುಮಾಸ್ತರು ಮೊದಲ ಬಾರಿಗೆ ಕಣ್ಣು ಬಿಟ್ಟು ಹಾವನ್ನು ನೋಡಿದರು. ಆಮೇಲೆ ಹೆಂಡತಿಯನ್ನು ನೋಡಿದರು. ಹೆಂಡತಿ ಫ್ಯಾನು ನೋಡುತ್ತಿದ್ದರು.

"ನೀನಾ?"

"ಮತ್ತಿನ್ನೇನು ಮಾಡ್ಲಿ? ನೀವು ಅರ್ಧಂಬರ್ಧ ಕರಗಿಸಿದ್ದನ್ನ ತಿಂದು ಅದರ ಹೊಟ್ಟೆ ಕೆಟ್ರೆ? ಮೂಕಪ್ರಾಣಿ! ಅದಕ್ಕೇ ಪ್ರತಿ ವಾರ ಒಂದಿನ ಮುಂಚೆ ನಾನೇ ಕೊಡ್ತಿದ್ದೆ. ನಿನ್ನೇನೂ ತಿಂದಿದೆ. ಮಗಳು ಪರೀಕ್ಷೆ ಬಿಡ್ತೀನಿ ಅಂದಿದ್ದನ್ನ ನೀವು ಹೇಳಿದ್ರೆ ತಾನೆ ನಂಗೆ ಗೊತ್ತಾಗೋದು?"

"ಎಲ್ಲಿ ಕರಗಿಸ್ತಿದ್ದೆ?"

ಹೆಂಡತಿ ದನಿ ತಗ್ಗಿಸಿದರು. "ಅಡುಗೆಮನೇಲಿ."

ಗುಮಾಸ್ತರಿಗೆ ನಗಬೇಕೋ ಅಳಬೇಕೋ ತಿಳಿಯುವ ಮೊದಲೇ ಮಗಳ ಫೋನು ಬಂತು. ಹೆಂಡತಿ ಕೈಮುಗಿದರು, ತುಟಿಯ ಮೇಲೆ ಬೆರಳಿಟ್ಟರು. ಅಷ್ಟು ದೊಡ್ಡ ಶಪಥ ಮಾಡಿದವರ ಮಾನ ಈಗ ಗಂಡನ ನಾಲಿಗೆಯ ಮೇಲಿತ್ತು.

"ಅಪ್ಪಾ, ತಿಂತಾ?"

"ತಿಂತು ಕಣಮ್ಮಾ. ಹೊಟ್ಟೆ ತುಂಬಾ ತಿಂದಿದೆ."

"ನೀನೇ ಕರಗ್ಸಿ ಕೊಟ್ಯಾ?"

ಗುಮಾಸ್ತರು ಹೆಂಡತಿಯ ಮುಗಿದ ಕೈ ನೋಡಿದರು. "ಹೂಂ. ನಾನೇ."

ಆ ಕಡೆ ಮಗಳು ಕುಣಿದದ್ದು ಈ ಕಡೆಯವರಿಗೆಲ್ಲ ಕೇಳಿಸಿತು. "ನಂಗೊತ್ತಿತ್ತು ಅಪ್ಪಾ! ನನ್ನ ಗೆಳತಿಗೂ ಇದನ್ನೇ ಹೇಳಿದ್ದೆ. ನಮ್ಮ ಬೀದಿ ಕೊನೇಲಿದ್ದಾಳಲ್ಲ, ಅವಳು. ಅವಳೂ ಓದೋಕೆ ಹೊರಟಿದ್ದಾಳೆ, ಅವಳ ಹಾವನ್ನ ನೋಡ್ಕೊಳ್ಳೋಕೆ ಯಾರೂ ಇಲ್ಲ. ನಮ್ಮಪ್ಪನ ಕೈಯಲ್ಲಿ ಮುದ್ದು ತಿಂದ್ರೆ ನಿಂದನ್ನೂ ಕೊಟ್ಬಿಡು ಅಂದಿದ್ದೆ. ಈಗ್ಲೇ ಕಳಿಸ್ತೀನಿ!"

ಫೋನು ಕಟ್ಟಾಯಿತು. ಹೆಂಡತಿ ಕೈ ಇಳಿಸಿ, ಸೆರಗು ಸರಿಮಾಡಿಕೊಂಡು, ಅತಿಥಿಗಳತ್ತ ತಿರುಗಿದರು. "ನೋಡಿದ್ರಾ ಇವರ ಹುಚ್ಚು? ಒಂದು ಸಾಲ್ದು ಅಂತ ಇನ್ನೊಂದು! ಯಾವ ಹಾವಾದ್ರೂ ಬರ್ಲಿ, ನನ್ನ ಅಡುಗೆಮನೇಲಿ ಮಾತ್ರ ಇವರು ಏನೂ ಕರಗ್ಸೋ ಹಾಗಿಲ್ಲ."

"ಆಫೀಸ್ ಫ್ರಿಜ್ ಮುಟ್ಟಿದ್ರೆ ಮೆಮೋ ಕೊಡ್ತೀನಿ," ಎಂದರು ಮೇಡಂ.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಹೊಸ್ತಿಲಲ್ಲಿ ಗೆಳತಿ ನಿಂತಿದ್ದಳು. ಅವಳ ಹಿಂದೆ ಇಬ್ಬರು ಆಳುಗಳು ಮಂಚದಷ್ಟು ಉದ್ದದ ಗಾಜಿನ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತಿದ್ದರು. ಅವಳು ಗುಮಾಸ್ತರ ಇಕ್ಕಳದಲ್ಲಿ ತೂಗುತ್ತಿದ್ದ ಇಲಿ ನೋಡಿ ಮುದ್ದಾಗಿ ನಕ್ಕಳು.

"ಅದು ಇದಕ್ಕೆ ಸಾಲಲ್ಲ ಅಂಕಲ್. ಇದು ಇಡೀ ಮೊಲ ತಿನ್ನುತ್ತೆ. ಕರಗ್ಸೋಕೆ ದೊಡ್ಡ ಬಕೆಟ್ ಇದೆ ತಾನೆ?"