ಗಾರ್ಡ್ ಅಂತ ಮಾತ್ರ ಕರೀಬೇಡಿ!

ನಮ್ಮ ಮಾವನಿಗೆ ಬದುಕಿರುವವರಿಗಿಂತ ಸತ್ತವರ ಮೇಲೇ ಪ್ರೀತಿ ಜಾಸ್ತಿ. ಸುಳ್ಳಲ್ಲ, ಆಣೆ! ಮದುವೆಗೆ ಕರೆದರೆ ಎಲ್ಲರೂ ಕೈ ತೊಳೆಯುವ ಹೊತ್ತಿಗೆ ಬರುತ್ತಾನೆ. ನಾಮಕರಣಕ್ಕೆ ಕರೆದರೆ ಮಗು ಸ್ಕೂಲಿಗೆ ಸೇರಿದ ಮೇಲೆ ಬರುತ್ತಾನೆ. ಅದೇ ಎಲ್ಲೋ ಒಂದು ಹದ್ದು ಗಾಳಿಪಟದ ದಾರಕ್ಕೆ ಸಿಕ್ಕಿ ಸತ್ತಿದೆ ಅನ್ನಿ, ಅರ್ಧ ಊಟ ಬಿಟ್ಟು ಓಡುತ್ತಾನೆ.

ಇವನು ನಮ್ಮಮ್ಮನ ತಮ್ಮ. ಅರಣ್ಯ ಇಲಾಖೆಯಲ್ಲಿ ಕೆಲಸ. ಯಾವ ಕೆಲಸ ಅಂತ ಮಾತ್ರ ಕೇಳಬೇಡಿ, ಯಡವಟ್ಟಿರುವುದೇ ಅಲ್ಲಿ. ಸೇರಿದಾಗ ಇವನು ‘ಫಾರೆಸ್ಟ್ ಗಾರ್ಡ್’. ಆಮೇಲೆ ಸರ್ಕಾರಕ್ಕೆ ಏನನ್ನಿಸಿತೋ, ಹುದ್ದೆಯ ಹೆಸರನ್ನು ‘ಗಸ್ತು ಅರಣ್ಯ ಪಾಲಕ’ ಎಂದು ಬದಲಾಯಿಸಿತು. ಲಾಠಿ ಅದೇ, ಕಾಡು ಅದೇ, ತೂತು ಬಿದ್ದ ಬೂಟೂ ಅದೇ! ಆದರೆ ಮಾವ ಆ ಮೂರು ಪದಗಳನ್ನು ಕೊರಳಿಗೆ ಪದಕದ ಹಾಗೆ ಹಾಕಿಕೊಂಡುಬಿಟ್ಟ. ಯಾರಾದರೂ ಗಾರ್ಡ್ ಎಂದರೆ ಮುಖ ಊದುತ್ತಿತ್ತು.

ಅವನ ತಪ್ಪೇನಿದೆ ಹೇಳಿ? ಸೌತ್ ಬೆಂಗಳೂರಿನಲ್ಲಿ ಗಾರ್ಡ್ ಎಂದರೆ ಯಾರು? ಜೆ.ಪಿ. ನಗರದ ನಮ್ಮ ಚಿಕ್ಕಮ್ಮನ ಅಪಾರ್ಟ್‌ಮೆಂಟಿನ ಕೆಳಗೆ ಇವನು ಖಾಕಿ ಹಾಕಿಕೊಂಡು ಲಿಫ್ಟ್‌ಗಾಗಿ ಕಾಯುತ್ತಿದ್ದ. ಮೇಲಿನ ಮನೆಯ ಆಂಟಿಯೊಬ್ಬರು ಕಾರಿಂದಿಳಿದು, “ಗಾರ್ಡ್, ಈ ಕ್ಯಾನ್ ಸ್ವಲ್ಪ ಮೇಲಿಡಪ್ಪ” ಎಂದರು. “ಮೇಡಂ, ನಾನು ಗಸ್ತು ಅರಣ್ಯ ಪಾಲಕ!” ಎಂದ ಮಾವ. ಆಂಟಿ ತುಂಬ ಸಮಾಧಾನದಿಂದ, “ಆಯ್ತಪ್ಪ, ಬಂದು ಗಿಡಕ್ಕೂ ನೀರು ಹಾಕು” ಎಂದರು.

ಊರಿನವರು ಏನಾದರೂ ಅನ್ನಲಿ, ಅದು ಅವನಿಗೆ ಅಷ್ಟಾಗಿ ನಾಟುತ್ತಿರಲಿಲ್ಲ. ನಾಟುತ್ತಿದ್ದದ್ದು ನಮ್ಮಪ್ಪ ಅಂದಾಗ. ಅಪ್ಪನಿಗೆ ಜಯನಗರದಲ್ಲಿ ಪಾತ್ರೆ ಅಂಗಡಿ, ಮುಖದ ತುಂಬ ಮೀಸೆ, ಬಾಯಿ ತುಂಬ ಕುಚೋದ್ಯ. ಅಂಗಡಿಗೆ ಯಾರೇ ಬಂದರೂ, “ಇವನು ನನ್ನ ಭಾವಮೈದ, ನಮ್ಮನೆ ಗಾರ್ಡು” ಎಂದು ಪರಿಚಯ ಮಾಡಿಸುತ್ತಿದ್ದ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಮಾವನನ್ನು ಓದಿಸಿದ್ದು ಅಪ್ಪನೇ. ಹಾಗಾಗಿ ಎದುರು ಮಾತಾಡುವಂತಿಲ್ಲ. “ಒಂದ್ಸಲ, ಒಂದೇ ಒಂದ್ಸಲ, ನಾಲ್ಕು ಜನದ ಮುಂದೆ ನನ್ನ ಹುದ್ದೆ ಪೂರ್ತಿ ಹೇಳಿ ಭಾವ” ಎಂದು ಮಾವ ಗೋಗರೆಯುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. “ಅಷ್ಟುದ್ದ ಹೇಳೋಷ್ಟ್ರಲ್ಲಿ ಗಿರಾಕಿ ಹೋಗ್ಬಿಡ್ತಾನೆ ಕಣೋ” ಎನ್ನುತ್ತಿದ್ದ ಅಪ್ಪ.

ಇನ್ನು ಕರ್ತವ್ಯನಿಷ್ಠೆಯೋ, ಕೇಳಲೇಬೇಡಿ! ಕೋಣನಕುಂಟೆಯಲ್ಲಿ ನಮ್ಮ ನೆಂಟರೊಬ್ಬರ ಗೃಹಪ್ರವೇಶ. ಯಜಮಾನರು ಗಾಜಿನ ತೊಟ್ಟಿಯೊಳಗಿದ್ದ ನಕ್ಷತ್ರ ಆಮೆಯನ್ನು ತೋರಿಸಿ, “ಮನೆಗೆ ಲಕ್ಷ್ಮಿ ಬರ್ತಾಳಂತೆ” ಎಂದರು. ಲಕ್ಷ್ಮಿಗಿಂತ ಮೊದಲು ನಮ್ಮ ಮಾವ ಬಂದಿದ್ದ! ಅಂಥ ಆಮೆ ಸಾಕುವುದು ಅಪರಾಧ. ಅವನು ಎರಡನೇ ಹೋಳಿಗೆ ಹಾಕಿಸಿಕೊಂಡು, ತುಪ್ಪ ಕೇಳಿ, ನಿಧಾನವಾಗಿ ತಿಂದು, ಕೈ ತೊಳೆದು ಬಂದು, “ಇದನ್ನ ಜಪ್ತಿ ಮಾಡ್ತಿದೀನಿ, ಮಹಜರಿಗೆ ಇಬ್ಬರು ಸಾಕ್ಷಿ ಬನ್ನಿ” ಎಂದ. ಪಂಕ್ತಿಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಫೋನು ಬಂತು! ಕೊನೆಗೆ ಸಹಿ ಹಾಕಿದ್ದು ಅಡುಗೆಯವರು ಮತ್ತು ಶಾಮಿಯಾನದವರು. ಅಂದಿನಿಂದ ನಮ್ಮನ್ನು ಯಾರೂ ಊಟಕ್ಕೆ ಕರೆಯಲಿಲ್ಲ.

ಆದರೆ ಅವನ ನಿಜವಾದ ಹುಚ್ಚು ಹೆಣ ಕಾಯುವುದು. ಬನಶಂಕರಿಯಲ್ಲಿ ಟ್ರಾನ್ಸ್‌ಫಾರ್ಮರ್ ತಗುಲಿ ಒಂದು ಕೋತಿ ಸತ್ತಿತು. ಕೋತಿ ಎಂದರೆ ಆಂಜನೇಯ ತಾನೇ? ಜನ ಹೂವಿನ ಹಾರ, ಕುಂಕುಮ, ತಮಟೆ ಎಲ್ಲ ತಂದು ಮೆರವಣಿಗೆಗೆ ಸಿದ್ಧರಾದರು. ಮಾವ ಅಡ್ಡ ನಿಂತುಬಿಟ್ಟ. “ಡಾಕ್ಟರ್ ಬಂದು ನೋಡೋ ತನಕ ಯಾರೂ ಕೈ ಹಾಕಂಗಿಲ್ಲ.”

“ಏನ್ ಗುರು, ಆಂಜನೇಯನಿಗೇ ಪೋಸ್ಟ್‌ಮಾರ್ಟಮ್ಮಾ?” ಎಂದ ತಮಟೆಯವನು.

ಬಿಸಿಲು ನೆತ್ತಿ ಸುಡುತ್ತಿತ್ತು. ಮಾವ ತನ್ನ ಕೊಡೆಯನ್ನು ಕೋತಿಗೆ ಹಿಡಿದು ನಿಂತಿದ್ದ! ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಹಿಡಿದು ಅಪ್ಪ ಹೋದ, ನಾನೂ ಜೊತೆಗಿದ್ದೆ. ಅಪ್ಪ ನೋಡಿ ನೋಡಿ, “ಲೋ ಗಾರ್ಡು, ನಾನು ಸತ್ರೂ ಹಿಂಗೇ ನಿಲ್ತೀಯೇನೋ?” ಎಂದ.

“ನೀವು ಶೆಡ್ಯೂಲ್‌ನಲ್ಲಿ ಬರಲ್ಲ ಭಾವ” ಎಂದ ಮಾವ, ಮುಖ ಗಂಟು ಹಾಕಿಕೊಂಡೇ. ಶೆಡ್ಯೂಲ್ ಎಂದರೆ ಕಾನೂನು ಕಾಪಾಡಬೇಕಾದ ಪ್ರಾಣಿಗಳ ಪಟ್ಟಿ. ಅಪ್ಪ ನಕ್ಕ ನಗುವಿಗೆ ತಮಟೆಯವರೂ ನಕ್ಕರು.

ಆ ದಿನ ವಾಪಸ್ ಬರುವಾಗ ನಾನು, “ಯಾಕೆ ಮಾವ ಇಷ್ಟು ಹಟ?” ಎಂದು ಕೇಳಿದೆ. ಆಗ ಹೇಳಿದ. ಕೆಲಸಕ್ಕೆ ಸೇರಿದ ಹೊಸತು. ಬನ್ನೇರುಘಟ್ಟದ ಕಾಡಂಚಿನಲ್ಲಿ ಹಂದಿಗೆಂದು ಯಾರೋ ಇಟ್ಟ ಉರುಳಿಗೆ ಒಂದು ಹೆಣ್ಣು ಚಿರತೆ ಸಿಕ್ಕಿ ಸತ್ತಿತ್ತು. ಇವನನ್ನು ಕಾವಲಿಗೆ ಬಿಟ್ಟಿದ್ದರು. ಬಾಯಾರಿಕೆ ತಡೆಯಲಾರದೆ ನೀರು ಕುಡಿಯಲು ಕೆರೆಗೆ ಹೋಗಿ ಬಂದ. ಬರುವಷ್ಟರಲ್ಲಿ ಉಗುರಿನ ಆಸೆಗೆ ನಾಲ್ಕೂ ಪಾದ ಕಡಿದುಕೊಂಡು ಹೋಗಿದ್ದರು. ಮೀಸೆಯನ್ನೂ ಬಿಟ್ಟಿರಲಿಲ್ಲ. “ಸತ್ತಿದ್ದಕ್ಕೆ ನೋವಾಗಲ್ಲ ಬಿಡು ಅಂತಾರೆ. ನನಗಾಯ್ತಲ್ಲೋ” ಎಂದ.  

ಅಪ್ಪ ಹೋದದ್ದು ಹೋದ ವರ್ಷ. ಬೆಳಿಗ್ಗೆ ಯಡಿಯೂರು ಕೆರೆಯ ಕಡೆ ವಾಕಿಂಗ್ ಹೊರಟವನಿಗೆ ರಸ್ತೆ ದಾಟುವಾಗ ನೀರಿನ ಟ್ಯಾಂಕರ್ ಬಡಿಯಿತು. ಅಷ್ಟೇ. ಆಸ್ಪತ್ರೆಗೆ ಒಯ್ಯುವ ಮೊದಲೇ ಎಲ್ಲ ಮುಗಿದಿತ್ತು. ಅಪಘಾತವಾದ್ದರಿಂದ ಪೋಸ್ಟ್‌ಮಾರ್ಟಮ್ ಆಗಲೇಬೇಕು, ಡಾಕ್ಟರ್ ಬರುವುದು ಮಧ್ಯಾಹ್ನ ಎಂದರು. ನಾನು ಸ್ಟೇಷನ್ನಿಗೆ ಅಲೆದೆ, ನೆಂಟರಿಗೆ ಫೋನು ಮಾಡಿದೆ, ಏನೇನೋ ಮಾಡಿದೆ. ಮನೆಗೆ ಬಂದಾಗ ಗೋಡೆಗೆ ಒರಗಿ ಕೂತಿದ್ದ ಅಮ್ಮ ಕೇಳಿದ್ದು ಒಂದೇ.

“ಅವರನ್ನ ಅಲ್ಲಿ ಒಬ್ಬರನ್ನೇ ಬಿಟ್ಟು ಬಂದ್ಯೇನೋ?”

“ಮಾವ ಇದಾನಮ್ಮ.”

“ಹಂಗಾದ್ರೆ ಸರಿ” ಎಂದಳು. ಅಲ್ಲಿಯವರೆಗೆ ಬಾರದ ಅಳು ಆಗ ಬಂತು ಅವಳಿಗೆ.

ಅಮ್ಮನನ್ನು ಕರೆದುಕೊಂಡು ನಾನು ಶವಾಗಾರಕ್ಕೆ ಹೋದೆ. ಬಾಗಿಲ ಪಕ್ಕದಲ್ಲಿ ಸ್ಟ್ರೆಚರ್, ಅದರ ಮೇಲೆ ಬಿಳಿ ಬಟ್ಟೆ ಹೊದ್ದ ಅಪ್ಪ, ತಲೆಯ ಹತ್ತಿರ ಖಾಕಿಯಲ್ಲಿ ಮಾವ. ಬೆಳಿಗ್ಗೆಯಿಂದ ನಿಂತೇ ಇದ್ದನಂತೆ. ತುಟಿ ಒಣಗಿ ಬಿರಿದಿತ್ತು. ಹೊರಗೆ ನಲ್ಲಿ ಇತ್ತು, ಹೋಗಿರಲಿಲ್ಲ. ಅಕ್ಕನನ್ನು ನೋಡಿದವನೇ, “ಉಂಗುರ ಇದೆ ಅಕ್ಕ. ಕೊರಳಲ್ಲಿ ಲಿಂಗ ಇದೆ, ತೆಗೀತೀವಿ ಅಂದ್ರು, ಬಿಡ್ಲಿಲ್ಲ. ಮೀಸೆ ಕೂಡ ಒಂದು ಕೂದಲು ಅಲುಗಿಲ್ಲ” ಎಂದ. ಯಾರಿಗಾದರೂ ಅದು ಹುಚ್ಚು ಮಾತು. ಅಮ್ಮ ಮಾತ್ರ ತಮ್ಮನ ಕೈ ಹಿಡಿದುಕೊಂಡು ತಲೆಯಾಡಿಸಿದಳು.

ಆಗ ಒಳಗಿನಿಂದ ಆಸ್ಪತ್ರೆಯವನೊಬ್ಬ ಬಂದ. ಅವನಿಗೂ ಸಾಕಾಗಿತ್ತು ಅಂತ ಕಾಣುತ್ತದೆ. “ಬೆಳಿಗ್ಗೆಯಿಂದ ನೋಡ್ತಿದೀನಿ, ಬಾಡಿ ಹತ್ರ ಯಾರನ್ನೂ ಬಿಡ್ತಿಲ್ಲ ನೀವು. ಯಾರು ಸಾರ್ ನೀವು? ಪೊಲೀಸಾ?”

ಮಾವ ಟೋಪಿ ಸರಿ ಮಾಡಿಕೊಂಡು ನೆಟ್ಟಗೆ ನಿಂತ. ಆ ಉದ್ದನೆಯ ಹೆಸರು ಈಗ ಬರುತ್ತದೆ ಎಂದು ನಾನು ಕಾದೆ. ಅವನು ಬಟ್ಟೆ ಹೊದ್ದ ಅಪ್ಪನನ್ನೇ ನೋಡುತ್ತಿದ್ದ.

“ಗಾರ್ಡು” ಎಂದ. “ಇವರ ಮನೆ ಗಾರ್ಡು.”